ಕವರ್‌ನಲ್ಲಿ ಇಲ್ಲದ ಹೆಸರು

ಸೊಸೆ ನಾಗಶ್ರೀ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ. ಯಾಕೆಂದರೆ ಅವಳು ಹೊರಟಿದ್ದೇ ನನ್ನ ಮಾತಿನಿಂದ.

ನಮ್ಮದು ಭರಮಸಾಗರ. ಮಂಡಕ್ಕಿ ಭಟ್ಟಿ ನಮ್ಮ ಕಸುಬು. ಯಜಮಾನರು ತೀರಿಕೊಂಡ ಮೇಲೆ ಮಗ ಬಸವೇಶನೇ ಭಟ್ಟಿ ನಡೆಸುತ್ತಾನೆ. ಅವನ ಮದುವೆಯಾಗಿ ನಾಲ್ಕು ವರ್ಷ. ಮಗುವಾಗಲಿಲ್ಲ. ಬೀದಿಯಲ್ಲಿ ಯಾರಾದರೂ ಮಗುವನ್ನು ತೊಟ್ಟಿಲಿಗೆ ಹಾಕಿದರೆ ನನ್ನನ್ನು ಕರೆಯುತ್ತಾರೆ, ಅವಳನ್ನು ಕರೆಯುವುದಿಲ್ಲ. ನಾನು ತಂದ ಸಕ್ಕರೆಯನ್ನು ಅವಳು ಡಬ್ಬಿಗೆ ಸುರಿಯುತ್ತಾಳೆ.

ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷ ತೋರಿಸಿದೆವು. ಕೊನೆಗೆ ಅಲ್ಲಿಯ ಕೌಂಟರಿನವರು, "ಇನ್ನು ಐವಿಎಫ್ ಒಂದೇ ದಾರಿ. ಸೋಮವಾರ ಮುಂಗಡ ಕಟ್ಟಿ" ಎಂದರು. ಐವಿಎಫ್ ಅಂದರೆ ನಾವು ಟೆಸ್ಟ್ ಟ್ಯೂಬ್ ಅನ್ನುತ್ತೇವಲ್ಲ, ಅದು. ಬಸವೇಶ ಹಿಂದೆಮುಂದೆ ನೋಡದೆ, "ಭಟ್ಟಿ ಮಾರ್ತೀನಿ" ಎಂದ.

ಆ ಸುದ್ದಿ ಕೇಳಿ ಹೊಳಲ್ಕೆರೆಯಿಂದ ನನ್ನ ತಂಗಿ ದಾಕ್ಷಾಯಿಣಿ ಓಡಿ ಬಂದಳು. ಕೈಯಲ್ಲಿ ಒಂದು ಹುಡುಗಿಯ ಫೋಟೊ.

"ಅಕ್ಕ, ತಲೆತಲಾಂತರದ ಭಟ್ಟಿ ಯಾಕೆ ಮಾರ್ತೀರಿ? ಈ ಹುಡುಗಿ ನೋಡು. ಇವಳ ಅಕ್ಕಂಗೆ ಎರಡು ಮಕ್ಳು, ಅಣ್ಣಂಗೆ ಮೂರು."

ನಾನು ಫೋಟೊ ನೋಡಿದೆ. ನೋಡಿ ಅಂದುಬಿಟ್ಟೆ: "ಹೂಂ ಬಿಡು. ಹೊಸಬಳು ಬಂದ್ರೆ ಭಟ್ಟಿನೂ ಉಳಿತೈತೆ."

ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ದಾಕ್ಷಾಯಿಣಿ ಬಸ್ಸು ಹತ್ತುವ ಹೊತ್ತಿಗೆ ನಾಗಶ್ರೀ ಬೀರು ತೆಗೆದಿದ್ದಳು.

ಅದೇ ಹೊತ್ತಿಗೆ ಆಶಾ ಕಾರ್ಯಕರ್ತೆ ಮಂಗಳಾ ನನ್ನ ಬಿಪಿ ಮಾತ್ರೆ ಕೊಡಲು ಬಂದಳು. ಬ್ಯಾಗು ನೋಡಿದಳು, ನಾಗಶ್ರೀಯ ಮುಖ ನೋಡಿದಳು.

"ಏನ್ ದೊಡ್ಡಮ್ಮ ಇದು?"

"ತವರಿಗೆ ಹೋಗ್ತಾಳಂತೆ."

"ಯಾವಾಗ ಬರ್ತಾಳೆ?"

ಇದಕ್ಕೆ ಉತ್ತರ ನಾಗಶ್ರೀಯೇ ಕೊಟ್ಟಳು. "ನಾನು ಹೋದ್ರೆ ಭಟ್ಟಿ ಉಳಿತೈತಂತೆ ಮಂಗಳಕ್ಕ. ಹೊಸಬಳನ್ನ ತರ್ತಾರಂತೆ."

ಮಂಗಳಾ ಮಾತ್ರೆಯ ಪೊಟ್ಟಣವನ್ನು ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟಳು. "ಹೆಂಡ್ತಿ ಇರೋವಾಗ ಇನ್ನೊಂದು ಮದುವೆ ಕಾನೂನಿನಲ್ಲಿ ನಡೆಯಲ್ಲ ದೊಡ್ಡಮ್ಮ. ಅದು ಅತ್ಲಾಗಿರ್ಲಿ. ಆಸ್ಪತ್ರೆ ಕಾಗದ ಎಲ್ಲಿ? ತರ್ರಿ ನೋಡಾಣ."

ಅಟ್ಟದ ಮೇಲಿದ್ದ ಪ್ಲಾಸ್ಟಿಕ್ ಕವರ್ ತಂದೆ. ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದವು.

"ನೀವೇ ಒಂದೊಂದೇ ತೆಗೀರಿ," ಎಂದಳು ಮಂಗಳಾ. "ಹೆಸರು ಬರೆದಿರೋ ಜಾಗ ತೋರಿಸ್ತೀನಿ. ಮೊದಲ್ನೇ ಅಕ್ಷರ ಓದ್ರಿ ಸಾಕು."

ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಇಂಗ್ಲಿಷಿನ ದೊಡ್ಡಕ್ಷರ ಮಾತ್ರ ಗೊತ್ತು. ಬೆರಳಿಟ್ಟು ನೋಡಿದೆ. ಎನ್. ಇನ್ನೊಂದು ಕಾಗದ ತೆಗೆದೆ. ಎನ್. ರಕ್ತದ್ದು ಎನ್, ಸ್ಕ್ಯಾನಿಂಗ್‌ದು ಎನ್, ಗರ್ಭನಾಳಕ್ಕೆ ಔಷಧಿ ಬಿಟ್ಟು ತೆಗೆದ ಎಕ್ಸರೇದು ಎನ್. ಆ ದಿನ ಅವಳು ನೋವಿಗೆ ನನ್ನ ಸೆರಗು ಹಿಡಿದುಕೊಂಡಿದ್ದು ನೆನಪಾಯಿತು. ಕವರ್ ಖಾಲಿಯಾಯಿತು. ತಲೆಕೆಳಗೆ ಮಾಡಿ ಕೊಡವಿದೆ.

"ಬಿ ಎಲ್ಲೈತೆ?" ಎಂದೆ. "ಬಸವೇಶಂದು?"

ನಾಗಶ್ರೀ ಬ್ಯಾಗಿನ ಜಿಪ್ ಎಳೆದಳು.

ಅಷ್ಟರಲ್ಲಿ ಬಸವೇಶ ಬಂದ. ಬೆಳಗಿನ ನಾಲ್ಕರಿಂದ ಭಟ್ಟಿಯ ಮುಂದೆ ನಿಂತವನ ಮೈಯಿಂದ ಇನ್ನೂ ಝಳ ಬರುತ್ತಿತ್ತು. ದವಡೆಯಲ್ಲಿ ಗುಟ್ಕಾ.

"ಲೇ ಬಸವೇಶ, ನಿನ್ನ ಪರೀಕ್ಷೆ ಯಾಕೆ ಮಾಡಿಸ್ಲಿಲ್ಲ?"

"ನಂಗೇನಾಗೈತೆ? ಎರಡು ಮೂಟೆ ಒಟ್ಟಿಗೆ ಎತ್ತೀನಿ."

"ಮೂಟೆ ಎತ್ತೋದಕ್ಕೂ ಇದಕ್ಕೂ ಸಂಬಂಧ ಇಲ್ಲಪ್ಪ," ಎಂದಳು ಮಂಗಳಾ. "ಮಕ್ಕಳಾಗದ ಮನೆಗಳಲ್ಲಿ ಹೆಂಗಸಿನ ಕಡೆ ತೊಂದರೆ ಇರೋ ಥರನೇ ಗಂಡಸಿನ ಕಡೆಯೂ ಇರ್ತೈತೆ. ಎಷ್ಟೋ ಸಲ ಇಬ್ಬರ ಕಡೆಯೂ."

ಅವನ ಮುಖ ಕೆಂಪಾಯಿತು. "ಏನು, ನನ್ನ ಗಂಡಸಲ್ಲ ಅಂತೀರೇನು? ಊರಿಗೆ ಗೊತ್ತಾದ್ರೆ ಭಟ್ಟಿ ಮುಂದೆ ಹೆಂಗೆ ನಿಲ್ಲಲಿ? ಟೆಸ್ಟ್ ಟ್ಯೂಬ್ ಮಾಡೋ ದಿನ ಹೆಂಗೂ ನೋಡ್ತಾರಂತೆ, ಆವಾಗ ನೋಡಾಣ."

ನಾಗಶ್ರೀ ಮೊದಲ ಸಲ ದನಿ ಎತ್ತಿದಳು. "ನಾನು ಎರಡು ವರ್ಷ ಚುಚ್ಚಿಸ್ಕಂಡೆ. ಊರೆಲ್ಲ ನನ್ನ ಬಂಜೆ ಅಂತು, ಕೇಳಿಸ್ಕಂಡೆ. ನಿಮಗೆ ಪರೀಕ್ಷೆಗೆ ಒಂದು ಸಣ್ಣ ಡಬ್ಬಿ ತುಂಬಿ ಕೊಡಕ್ಕೆ ಮರ್ಯಾದೆ ಅಡ್ಡ ಬರ್ತೈತೆ."

ಅವನು ಉಗುಳಲು ಹೊರಗೆ ಹೋದ. ಬಂದಾಗ ಅವಳು ಬ್ಯಾಗನ್ನು ಬಾಗಿಲ ಮೂಲೆಗೆ ಇಟ್ಟಳು.

"ಇದು ಇಲ್ಲೇ ಇರ್ಲಿ. ನಿಮ್ಮ ಹೆಸರಿನ ರಿಪೋರ್ಟ್ ಬರೋವರೆಗೂ ಇರ್ತೀನಿ. ಆಮೇಲೆ ಬಿಚ್ಚಬೇಕೋ ಎತ್ಕಂಡು ಹೋಗಬೇಕೋ ನಾನು ನೋಡ್ತೀನಿ."

ಬಸವೇಶ ಆ ಬ್ಯಾಗು ನೋಡಿ ಪರೀಕ್ಷೆಗೆ ಒಪ್ಪಿದ. ಸೋಮವಾರ ನಾವು ಮುಂಗಡ ಕಟ್ಟಲು ಹೋಗಲಿಲ್ಲ. ನಮ್ಮ ಜಿಲ್ಲಾ ಕೇಂದ್ರ ದುರ್ಗಕ್ಕೆ ಹೋದೆವು, ಮಂಗಳಾ ಹೇಳಿದ ಡಾಕ್ಟರ್ ಅನುಪಮಾ ಅವರ ಹತ್ತಿರ. ಬಸ್ಸಿನಲ್ಲಿ ಮಗ ಒಂದು ಕಡೆ, ಸೊಸೆ ಒಂದು ಕಡೆ. ಮಧ್ಯೆ ನಾನು, ಮಡಿಲಲ್ಲಿ ಕವರ್.

ಎರಡು ದಿನ ಬಿಟ್ಟು ಬಸವೇಶನ ರಿಪೋರ್ಟ್ ಬಂತು. ಡಾಕ್ಟರು ಓದಿ ತಲೆ ಎತ್ತಿದರು.

"ವೀರ್ಯಾಣುಗಳ ಸಂಖ್ಯೆ ಕಡಿಮೆ ಇದೆ. ಇಲ್ಲವೇ ಇಲ್ಲ ಅಂತಲ್ಲ, ಕಡಿಮೆ. ನೀವು ಏನು ಕೆಲಸ ಮಾಡ್ತೀರಿ?"

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ.

"ಮಂಡಕ್ಕಿ ಭಟ್ಟಿ ಮೇಡಂ."

"ಬೆಂಕಿ ಮುಂದೆ ಎಷ್ಟು ಹೊತ್ತು?"

"ಏಳೆಂಟು ತಾಸು."

"ಝಳ ಎಲ್ಲಿಗೆ ಬಡಿಯುತ್ತೆ?"

ಬಸವೇಶ ಯೋಚಿಸಿದ. ಕೈ ತಾನಾಗಿ ಸೊಂಟದ ಕೆಳಗೆ ಹೋಯಿತು. ಭಟ್ಟಿಯ ಬಾಯಿ ಇರುವುದೇ ಆ ಎತ್ತರಕ್ಕೆ.

"ವೃಷಣಕ್ಕೆ ಮೈಗಿಂತ ತಂಪು ಬೇಕು. ದಿನಾ ಇಷ್ಟು ಶಾಖ ತಗುಲಿದರೆ ವೀರ್ಯಾಣು ಕಡಿಮೆಯಾಗಬಹುದು. ಗುಟ್ಕಾನೂ ಕೆಡಿಸುತ್ತೆ."

"ನಮ್ಮ ಕೆಲಸದ ಓಬಳೇಶ ಇಪ್ಪತ್ತು ವರ್ಷದಿಂದ ಭಟ್ಟಿ ಮುಂದೆ ಐದಾನೆ. ಅವನಿಗೆ ಮೂರು ಮಕ್ಳು!"

"ಓಬಳೇಶ ಅವರ ಮೈ ಅವರದು, ನಿಮ್ಮ ಮೈ ನಿಮ್ಮದು," ಎಂದು ಡಾಕ್ಟರು ನಕ್ಕರು. "ಶಾಖ ಒಂದೇ ಕಾರಣ ಅಂತ ನಾನೂ ಆಣೆ ಮಾಡಲ್ಲ. ಆದರೆ ಬಿಟ್ಟು ನೋಡೋಕೆ ಖರ್ಚಿಲ್ಲ. ಹೊಸ ವೀರ್ಯಾಣು ತಯಾರಾಗೋಕೆ ಸುಮಾರು ಮೂರು ತಿಂಗಳು ಬೇಕು. ಅಷ್ಟು ದಿನ ಬೆಂಕಿ ಮುಂದೆ ನಿಲ್ಲಬೇಡಿ, ಗುಟ್ಕಾ ಬಿಡಿ, ಸಡಿಲ ಬಟ್ಟೆ ಹಾಕಿ. ಮತ್ತೆ ಪರೀಕ್ಷೆ ಮಾಡೋಣ."

ಆಮೇಲೆ ನಾಗಶ್ರೀಯ ಕಾಗದಗಳನ್ನು ನೋಡಿದರು. ಗರ್ಭನಾಳಗಳು ತೆರೆದೇ ಇದ್ದವು. ಕೆಲವು ತಿಂಗಳು ಮಾತ್ರ ಅಂಡ ಸರಿಯಾಗಿ ಬಿಡುಗಡೆಯಾಗುತ್ತಿರಲಿಲ್ಲ. ಅದಕ್ಕೆ ತಿಂಗಳಿಗೆ ಐದು ದಿನ ನುಂಗುವ ಮಾತ್ರೆ ಇದೆ, ಅಂಡ ಬೆಳೆಯುವುದನ್ನು ಸ್ಕ್ಯಾನಿನಲ್ಲಿ ನೋಡಿ, ಗಂಡ ಹೆಂಡತಿ ಯಾವ ದಿನಗಳಲ್ಲಿ ಕೂಡಬೇಕೆಂದು ಹೇಳುತ್ತೇವೆ ಎಂದರು.

"ಅಷ್ಟಕ್ಕೂ ಆಗದಿದ್ರೆ?" ಎಂದು ಕೇಳಿದಳು ನಾಗಶ್ರೀ.

"ಆಮೇಲೆ ಐಯುಐ ಅಂತ ಇದೆ. ಗಂಡನ ವೀರ್ಯವನ್ನು ಶುದ್ಧ ಮಾಡಿ, ಚುರುಕಾದ ವೀರ್ಯಾಣುಗಳನ್ನು ಆರಿಸಿ, ಸರಿಯಾದ ದಿನ ಸಣ್ಣ ನಳಿಕೆಯಲ್ಲಿ ಗರ್ಭಕೋಶದೊಳಗೆ ಬಿಡ್ತಾರೆ. ಕೊಯ್ಯೋದಿಲ್ಲ, ಅರಿವಳಿಕೆ ಕೊಡೋದಿಲ್ಲ. ಅದೇ ದಿನ ಮನೆಗೆ ಹೋಗಬಹುದು. ಕೆಲವು ಸಲ ಮಾಡಿ ನೋಡಿ, ಆಗದಿದ್ದರೆ ಆಗ ಐವಿಎಫ್ ಯೋಚಿಸೋಣ."

"ಹಂಗಾದ್ರೆ ಐವಿಎಫ್ ಕೆಟ್ಟದ್ದಾ ಡಾಕ್ಟ್ರೇ?" ಎಂದೆ ನಾನು.

"ಖಂಡಿತ ಅಲ್ಲಮ್ಮ. ಎರಡೂ ನಾಳ ಮುಚ್ಚಿದವರಿಗೆ, ವೀರ್ಯಾಣು ತೀರಾ ಕಡಿಮೆ ಇರೋರಿಗೆ ಅದೇ ಸರಿಯಾದ ದಾರಿ. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಕಾಯುತ್ತಾ ಕೂರಬಾರದು, ಬೇಗ ಬರಬೇಕು. ನಿಮ್ಮ ಸೊಸೆಗೆ ಇಪ್ಪತ್ತೇಳು. ಸಮಯ ಇದೆ."

ನನಗೆ ಆಗ ಅರ್ಥವಾಯಿತು. ಮಂಡಕ್ಕಿ ಅರಳದಿದ್ದರೆ ನಾವು ಏನು ಮಾಡುತ್ತೇವೆ? ಅಕ್ಕಿ ಒಣಗಿದೆಯೇ, ಉಪ್ಪುನೀರು ಹದವಾಗಿದೆಯೇ, ಮರಳು ಕಾದಿದೆಯೇ ಎಂದು ನೋಡುತ್ತೇವೆ. ಮೊದಲ ದಿನವೇ ಭಟ್ಟಿ ಕೆಡವುವುದಿಲ್ಲ. ಸೊಸೆಯ ವಿಷಯದಲ್ಲಿ ನಾನು ಹಾಗೆ ಕೆಡವಲು ಹೊರಟಿದ್ದೆ.

ಓಬಳೇಶ ಒಬ್ಬನೇ ಭಟ್ಟಿಗೆ ನಿಂತ. ಬಸವೇಶ ಮೂಟೆಗಳನ್ನು ಗಾಡಿಗೆ ಹಾಕಿಕೊಂಡು ಅಂಗಡಿ ಅಂಗಡಿಗೆ ಕೊಟ್ಟು ಬರತೊಡಗಿದ. ಗುಟ್ಕಾ ಬಿಟ್ಟ ಮೊದಲ ಹದಿನೈದು ದಿನ ಮನೆಯಲ್ಲಿ ಯಾರೂ ಅವನನ್ನು ಮಾತಾಡಿಸುವಂತಿರಲಿಲ್ಲ. ನಾಗಶ್ರೀ ಬಟ್ಟೆ ಬೇಕಾದಾಗ ಬ್ಯಾಗಿನಿಂದ ತೆಗೆಯುತ್ತಿದ್ದಳು, ಒಗೆದು ಮಡಚಿ ಬ್ಯಾಗಿಗೇ ಇಡುತ್ತಿದ್ದಳು. ನಾನು ದಿನಾ ಆ ಮೂಲೆ ನೋಡುತ್ತಿದ್ದೆ.

ಮೂರು ತಿಂಗಳ ಮೇಲೆ ಸಂಖ್ಯೆ ಏರಿತ್ತು. ಪೂರ್ತಿ ಅಲ್ಲ, ಆದರೂ ಏರಿತ್ತು. ಮುಂದಿನ ಮೂರು ತಿಂಗಳು ನಾಗಶ್ರೀಯ ಮಾತ್ರೆ ನಡೆಯಿತು, ಫಲ ಸಿಗಲಿಲ್ಲ. ಆಮೇಲೆ ಮೊದಲ ಐಯುಐ. ಹದಿನೈದು ದಿನ ಮೂವರೂ ಕಾದೆವು. ಹದಿನಾರನೆಯ ದಿನ ಬೆಳಿಗ್ಗೆ ನಾಗಶ್ರೀ ಬಚ್ಚಲಿನಿಂದ ಬಂದು ತಲೆ ಅಲ್ಲಾಡಿಸಿದಳು. ಮುಟ್ಟಾಗಿತ್ತು.

ಮಧ್ಯಾಹ್ನ ನಾನು ಬಾಗಿಲ ಮೂಲೆ ನೋಡಿದರೆ ಬ್ಯಾಗು ಇರಲಿಲ್ಲ.

ಬರಿಗಾಲಲ್ಲೇ ಭಟ್ಟಿಗೆ ಓಡಿದೆ. ನಾಗಶ್ರೀ ಅಲ್ಲಿ ಮಂಡಕ್ಕಿ ಜರಡಿ ಹಿಡಿಯುತ್ತಿದ್ದಳು.

"ಬ್ಯಾಗೆಲ್ಲೇ?"

"ಅಟ್ಟದ ಮೇಲೆ ಹಾಕ್ದೆ ಅತ್ತೆ. ಬಟ್ಟೆ ಬೀರುವಿಗೆ ಇಟ್ಟೆ."

"ಇವತ್ತಾ? ಇವತ್ತು ಯಾಕೆ?"

ಅವಳು ಗಾಡಿಗೆ ಮೂಟೆ ಹಾಕುತ್ತಿದ್ದ ಬಸವೇಶನ ಕಡೆ ನೋಡಿದಳು. "ಬೆಳಿಗ್ಗೆ ಹೊಳಲ್ಕೆರೆಯಿಂದ ಚಿಕ್ಕಮ್ಮ ಇವರಿಗೆ ಫೋನ್ ಮಾಡಿದ್ರು. ಏನಾತು ಅಂತ ಕೇಳಿದ್ರು. ಆಗ್ಲಿಲ್ಲ ಅಂದಿದ್ದಕ್ಕೆ ಆ ಹುಡುಗಿ ಇನ್ನೂ ಇದಾಳೆ ಅಂದ್ರು. ಇವರು ಕೆಲಸದವರ ಎದುರಿಗೇ ಹೇಳಿದ್ರು, ಚಿಕ್ಕಮ್ಮ, ಕೊರತೆ ನಂದೂ ಐತೆ, ರಿಪೋರ್ಟಿನಲ್ಲಿ ನನ್ನ ಹೆಸರೈತೆ, ಇನ್ನು ಫೋಟೊ ತರಬ್ಯಾಡ್ರಿ ಅಂತ."

ನಾನು ಅವಳ ಕೈಯಲ್ಲಿದ್ದ ಜರಡಿಯ ಇನ್ನೊಂದು ಬದಿ ಹಿಡಿದುಕೊಂಡೆ. "ಅವತ್ತು ನಾನಂದಿದ್ದು ತಪ್ಪಾತು ಕಣೇ," ಎಂದೆ. ಅವಳು ಜರಡಿ ಬಿಡಲಿಲ್ಲ, ಇಬ್ಬರೂ ಸೇರಿ ಆಡಿಸಿದೆವು.

ಮುಂದಿನ ವಾರ ಎರಡನೆಯ ಐಯುಐ ಇದೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಐವಿಎಫ್‌ವರೆಗೆ ಹೋಗಬೇಕಾದರೆ ತಿಳಿದುಕೊಂಡೇ ಹೋಗುತ್ತೇವೆ. ಬ್ಯಾಗು ಮಾತ್ರ ಇನ್ನು ಕೆಳಗಿಳಿಯುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಮುಖ್ಯವಾಗಿ ನನ್ನಂಥ ಅತ್ತೆಯರೇ, ನಿಮ್ಮ ಮನೆಯಲ್ಲೂ ಇಂಥ ಕವರ್ ಇದ್ದರೆ ಇವತ್ತೇ ಬಿಚ್ಚಿ ನೋಡಿ. ಓದು ಬಾರದಿದ್ದರೆ ನಿಮ್ಮೂರ ಆಶಾ ಕಾರ್ಯಕರ್ತೆಯಿಂದ ಓದಿಸಿ. ಯಾರಾದರೂ ನೇರವಾಗಿ ಐವಿಎಫ್ ಎಂದರೆ, ಯಾಕೆ, ಅದಕ್ಕಿಂತ ಮೊದಲು ಮಾಡಬಹುದಾದದ್ದು ಏನಿದೆ ಎಂದು ಡಾಕ್ಟರನ್ನು ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ಆ ಕಾಗದಗಳಲ್ಲಿ ಸೊಸೆಯ ಹೆಸರಿನ ಜೊತೆ ಮಗನ ಹೆಸರೂ ಇದೆಯೇ ನೋಡಿ. ಇಲ್ಲವಾದರೆ ಸೊಸೆಯನ್ನು ಏನೂ ಅನ್ನಬೇಡಿ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಮಗನನ್ನು ಎಬ್ಬಿಸಿ.