ಉದುರಿದ ಗ್ರಹಗಳ ಲೆಕ್ಕ

ಮಗಳು ಏನು ಓದುತ್ತಿದ್ದಾಳೆಂದು ಹಾನುಬಾಳಿನಲ್ಲಿ ಯಾರಾದರೂ ಕೇಳಿದರೆ ಸುಮಿತ್ರಮ್ಮ "ಆಕಾಶದ್ದು" ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಅದಕ್ಕಿಂತ ಹೆಚ್ಚು ಅವರಿಗೂ ತಿಳಿದಿರಲಿಲ್ಲ. ಮಗಳು ಹೇಮಶ್ರೀ ಪಿಎಚ್‌ಡಿ ಮುಗಿಸುವ ಹಂತಕ್ಕೆ ಬಂದಿದ್ದಳು. ನಕ್ಷತ್ರಗಳು ಒತ್ತೊತ್ತಾಗಿ ಹುಟ್ಟುವ ಗುಂಪುಗಳಲ್ಲಿ ಅವುಗಳ ಗ್ರಹಗಳು ಉಳಿಯುತ್ತವೆಯೇ, ಕಳೆದುಹೋಗುತ್ತವೆಯೇ ಎಂದು ನೋಡುವುದೇ ಅವಳ ಕೆಲಸ. ರಜೆಗೆ ಬಂದಾಗಲೆಲ್ಲ ಅಮ್ಮನನ್ನು ಕೂರಿಸಿಕೊಂಡು ವಿವರಿಸಿದ್ದಳು. ಲ್ಯಾಪ್‌ಟಾಪಿನಲ್ಲಿ ಬಣ್ಣದ ಚುಕ್ಕೆಗಳನ್ನು ಓಡಿಸಿ ತೋರಿಸಿದ್ದಳು. ಅಮ್ಮ ಕಣ್ಣರಳಿಸಿ ನೋಡಿ, "ಆಯ್ತು ಕಣೆ, ಗೊತ್ತಾಯ್ತು. ರೊಟ್ಟಿ ಆರೋಗ್ತೈತೆ, ತಿನ್ನು" ಅನ್ನುತ್ತಿದ್ದರು.

ಆ "ಆಯ್ತು" ಹೇಮಶ್ರೀಗೆ ಚುಚ್ಚುತ್ತಿತ್ತು. ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡಿ ಬೆನ್ನು ತಟ್ಟಿಸಿಕೊಂಡವಳಿಗೆ ಹೆತ್ತ ತಾಯಿಗೊಂದು ಮಾತು ತಿಳಿಸಿಕೊಡಲಾಗಲಿಲ್ಲವಲ್ಲ! ನೆನೆದರೆ ಅಳುವೇ ಬರುತ್ತಿತ್ತು. ಈ ಸಲ ಏನಾದರಾಗಲಿ, ಅಮ್ಮನಿಗೆ ಅರ್ಥ ಮಾಡಿಸಿಯೇ ಹೋಗುವುದೆಂದು ಹಟ ತೊಟ್ಟು ಬಂದಿದ್ದಳು.

ಜನವರಿ ತಿಂಗಳು, ಅವರ ತೋಟದಲ್ಲಿ ಕಾಫಿ ಕೊಯ್ಲು ಭರದಿಂದ ಸಾಗಿತ್ತು. ಸಂಜೆ ಹೆಂಗಸರು ಹಣ್ಣಿನ ಚೀಲಗಳನ್ನು ಕಣದ ಅಂಚಿಗೆ ಇಳಿಸಿ, ತೋಟದ ಲೆಕ್ಕ ಬರೆಯುವ ರೈಟರ್ ರುದ್ರಯ್ಯ ಬಂದು ತೂಕ ಹಾಕಲೆಂದು ಕಾಯುತ್ತ ಕೂತಿದ್ದರು. ಸುಮಿತ್ರಮ್ಮ ಅವರಿಗೆಂದು ಒಂದು ಬುಟ್ಟಿ ಕಿತ್ತಳೆ ತಂದಿಟ್ಟರು. ಬುಟ್ಟಿ ಕಂಡದ್ದೇ ತಡ, ಹೇಮಶ್ರೀಗೆ ಏನೋ ಹೊಳೆಯಿತು.

"ಈಗ್ಲೇ ತಿನ್ಬೇಡಿ! ಒಂದ್ ಆಟ ಆಡಾಣ. ನೀವೆಲ್ಲ ನಕ್ಷತ್ರ. ಒಂದು ಕೈ ಚಾಚಿ ಅಂಗೈ ಮೇಲೆ ಕಿತ್ತಳೆ ಇಟ್ಕೊಳ್ಳಿ, ಅದು ದೂರದ ಗ್ರಹ. ಇನ್ನೊಂದು ಕೈಲಿ ಕಾಫಿ ಹಣ್ಣು, ಎದೆಗೆ ಒತ್ತಿ ಹಿಡೀರಿ, ಅದು ಹತ್ತಿರದ ಗ್ರಹ. ಈಗ ಕಣದ ತುಂಬ ಹೆಂಗ್ ಬೇಕೋ ಹಂಗೆ ಓಡಾಡಿ."

"ಈ ವಯಸ್ಸಲ್ಲಿ ನಕ್ಷತ್ರ ಆಗೋ ಯೋಗ ಬಂತಲ್ಲಪ್ಪ" ಎಂದು ಎಲ್ಲರಿಗಿಂತ ಹಿರಿಯರಾದ ಚೌಡಮ್ಮ ನಗುತ್ತ ಎದ್ದರು. ಅವರು ಎದ್ದ ಮೇಲೆ ಉಳಿದವರೂ ಎದ್ದರು. ಸುಮಿತ್ರಮ್ಮ ಮಾತ್ರ ಕಾಫಿ ತುಂಬಿಡುವ ಸ್ಟೋರಿನ ಜಗಲಿಯ ಮೇಲೆ ಕೂತು ನೋಡಿದರು.

ಆಟ ಕೆಟ್ಟಿತು. ಒಂದೇ ಒಂದು ಕಿತ್ತಳೆಯೂ ಬೀಳಲಿಲ್ಲ. ಗಿಡದ ಸಾಲು ಹಿಡಿದು ಕೊಯ್ದು ರೂಢಿಯಾದ ಹೆಂಗಸರು ಬಟಾಬಯಲು ಕಣದಲ್ಲೂ ತಮತಮಗೊಂದು ಸಾಲು ಮಾಡಿಕೊಂಡು, ಆ ತುದಿಯಿಂದ ಈ ತುದಿಗೆ ಗಂಭೀರವಾಗಿ ನಡೆದರು.

"ಒಬ್ಬರ ಹತ್ರ ಒಬ್ಬರು ಹೋಗ್ರೀ!" ಹೇಮಶ್ರೀ ಕೂಗಿದಳು.

"ಇನ್ನೊಬ್ಬರ ಸಾಲಿಗೆ ನುಗ್ಗೋಕಾಯ್ತದಾ ಹೇಮವ್ವ? ಆಮೇಲೆ ಬೈಸ್ಕೊಳ್ಳೋರ್ಯಾರು?" ಅಂದರು ಚೌಡಮ್ಮ.

ಜಗಲಿಯ ಮೇಲೆ ಅಮ್ಮ ಆಕಳಿಸಿದರು.

ಆಗಲೇ ರುದ್ರಯ್ಯ ಇದಾವುದರ ಪರಿವೆಯಿಲ್ಲದೆ ತಕ್ಕಡಿ ತೂಗುಹಾಕಿ, "ಬನ್ರಮ್ಮೋ, ತೂಕಕ್ಕೆ!" ಎಂದು ಕೂಗು ಹಾಕಿದರು. ಮೊದಲು ತೂಕವಾದವರು ಮೊದಲು ಮನೆಗೆ. ನಕ್ಷತ್ರಗಳೆಲ್ಲ ಒಮ್ಮೆಗೇ ತಕ್ಕಡಿಯತ್ತ ನುಗ್ಗಿದವು. ಚಾಚಿದ ಕೈಗಳು ಒಂದಕ್ಕೊಂದು ಬಡಿದು ಕಿತ್ತಳೆಗಳು ದಿಕ್ಕಾಪಾಲಾಗಿ ಉರುಳಿದವು.

"ಅಮ್ಮಾ, ನೋಡಮ್ಮಾ!" ಹೇಮಶ್ರೀ ಕುಣಿದೇಬಿಟ್ಟಳು. "ಎಲ್ಲರೂ ಎದೆ ಹತ್ರ ಇರೋ ಕೈ ಬಿಚ್ಚಿ!"

ಬಿಚ್ಚಿದರು. ಕಾಫಿ ಹಣ್ಣುಗಳು ಇದ್ದಲ್ಲೇ ಇದ್ದವು.

"ಗುಂಪಲ್ಲಿ ಹುಟ್ಟಿದ ನಕ್ಷತ್ರಕ್ಕೆ ಹಿಂಗೇ ಆಗೋದಮ್ಮ. ಮೈ ತಾಗಬೇಕು ಅಂತನೂ ಇಲ್ಲ, ಇನ್ನೊಂದು ನಕ್ಷತ್ರ ತೀರ ಹತ್ರ ಹಾದುಹೋದ್ರೆ ಸಾಕು. ದೂರದ ಗ್ರಹ ಕೈ ಬಿಟ್ಟು ಹೋಗ್ತದೆ, ಹತ್ತಿರದ್ದು ಉಳೀತದೆ. ಮೊದಲು ಸಾಲು ಹಿಡಿದು ನಡೆದ್ರಲ್ಲ, ಗುಂಪು ಚದುರಿದ ಮೇಲೆ ಹಂಗೆ. ಯಾರ ತಂಟೆಗೂ ಯಾರೂ ಹೋಗಲ್ಲ. ನಮ್ಮ ಸೂರ್ಯನೂ ಗುಂಪಲ್ಲಿ ಹುಟ್ಟಿ ಆಮೇಲೆ ಹೊರಗೆ ಬಂದವನೇ."

ಸುಮಿತ್ರಮ್ಮ ಎದ್ದು ಬಂದು, ಉರುಳಿಹೋಗಿದ್ದ ಒಂದು ಕಿತ್ತಳೆಯನ್ನು ಕೈಗೆತ್ತಿಕೊಂಡರು.

"ಇದು?"

"ಅದು ಹೋಯ್ತು. ಲೆಕ್ಕದಿಂದ ತೆಗೆದುಬಿಡ್ತೀನಿ."

"ತೆಗೆದ್ಬುಡ್ತೀಯಾ?" ಸುಮಿತ್ರಮ್ಮನ ದನಿ ಏರಿತು. "ಉದುರಿದ್ದನ್ನ ಅಲ್ಲೇ ಬಿಟ್ಬರೋ ತೋಟ ಯಾವುದೇ? ಕೊಯ್ಲು ಮುಗಿದ ಮ್ಯಾಲೆ ಗಿಡದ ಬುಡಬುಡದಲ್ಲೂ ಕೂತು ಆರಿಸ್ತೀವಿ. ಇದು ಎಲ್ಲೋಯ್ತು ಅಂತ ನೋಡಲ್ವಾ ನೀನು? ಇನ್ನೊಂದು ನಕ್ಷತ್ರ ಎತ್ಕೊಂಡಿದ್ರೆ?"

"ಎತ್ಕೋತವಮ್ಮ, ಅಪರೂಪಕ್ಕೆ. ಮಿಕ್ಕಿದ್ದು ಕತ್ತಲಲ್ಲಿ ಒಂಟಿಯಾಗಿ ಅಲೀತಿರ್ತವೆ. ಅದನ್ನ ನೋಡೋರು ಬೇರೆ ಇದಾರೆ, ನಾನು ಉಳಿದಿದ್ದು ಮಾತ್ರ..."

"ಅವರನ್ನ ಕೇಳಿದ್ಯಾ? ಇಲ್ಲ ತಾನೆ? ಉಳಿದಿದ್ದು ಇಷ್ಟು, ಹೋಗಿದ್ದು ಇಷ್ಟು, ಹೋಗಿದ್ದು ಎಲ್ಲೈತೆ ಅಂತ ಪೂರ್ತಿ ಹೇಳ್ಬೇಕಪ್ಪ! ಅರ್ಧಂಬರ್ಧ ಮಾಡಿ ಡಾಕ್ಟ್ರು ಅನ್ನಿಸ್ಕೊಳ್ಳೋಕೆ ಹೊರಟವ್ಳೆ!"

ಕಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೇಮಶ್ರೀಗೆ ಮಾತ್ರ ಖುಷಿ ತಡೆಯಲಾಗಲಿಲ್ಲ. ತನಗೆ ತಿಳಿಯದ ವಿಷಯಕ್ಕೆ ಅಮ್ಮ ಈ ಜನ್ಮದಲ್ಲಿ ಯಾರೊಂದಿಗೂ ಜಗಳಕ್ಕೆ ನಿಂತವರಲ್ಲ.

"ನಗ್ತೀಯಾ? ನಾನೇನ್ ತಪ್ಪು ಹೇಳ್ದೆ?"

"ಏನೂ ಇಲ್ಲಮ್ಮ" ಅಂದಳು ಹೇಮಶ್ರೀ, ಕಣ್ಣೊರೆಸಿಕೊಳ್ಳುತ್ತ. "ಇನ್ನೂ ಸ್ವಲ್ಪ ಬಯ್ಯಿ."