ಇನಿ ಬರೊಡ್ಚಿ

ಕಾಪುವಿನ ಲೀಲಾಧರನಿಗೆ ತನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಸಿಗಡಿ ಸುಲಿದು ಪ್ಯಾಕ್ ಮಾಡುವ ಅವನ ಶೆಡ್ಡಿನಲ್ಲಿ ಹತ್ತು ಹದಿನೈದು ಹೆಂಗಸರು ದುಡಿಯುತ್ತಿದ್ದರು. ಯಾರ ಮೇಲೂ ದನಿ ಏರಿಸಿದವನಲ್ಲ, ಹಬ್ಬದ ಬೋನಸ್ ತಪ್ಪಿಸಿದವನಲ್ಲ. ಅಂಥವನಿಗೆ ಮಣಿಪಾಲದ ಕಾರ್ಮಿಕ ಕಚೇರಿಯಿಂದ ಫೋನ್ ಬಂತು. ಗರ್ಭಿಣಿಯನ್ನು ಕೆಲಸದಿಂದ ತೆಗೆದ ದೂರು ಬಂದಿದೆ, ಬುಧವಾರ ವಿಚಾರಣೆಗೆ ಬರಬೇಕು ಎಂದರು.

"ನಾನು ತೆಗೆದದ್ದಾ? ಅವಳೇ ಬಿಟ್ಟು ಹೋದದ್ದು!" ಎಂದು ಲೀಲಾಧರ ಹೆಂಡತಿಯ ಮುಂದೆ ಹಾರಾಡಿದ.

"ಆವತ್ತೇ ಒಂದು ಫೋನ್ ಮಾಡಿ ಕೇಳಿ ಅಂತ ಹೇಳಿದೆ. ಕೇಳಿದ್ರಾ?" ಎಂದಳು ಹರ್ಷಿಣಿ. ಲೀಲಾಧರ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು ಎಂದು ರೇಗಿದ.

ದೂರು ಕೊಟ್ಟವಳು ರಿಝಾನಾ. ಪಯ್ಯನ್ನೂರಿನವಳು, ಕಾಪುವಿನ ಫಯಾಝ್‌ನನ್ನು ಮದುವೆಯಾಗಿ ಬಂದವಳು. ಮನೆಮಾತು ಮಲಯಾಳ. ಶೆಡ್ಡಿಗೆ ಸೇರಿದ ಮೇಲೆ ಕನ್ನಡ ಕಲಿತಿದ್ದಳು, ತುಳು ಮಾತ್ರ ಇನ್ನೂ ಹತ್ತಿರಲಿಲ್ಲ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಒಂದು ಸಂಜೆ ಅವಳು ಬಂದು, "ಅಣ್ಣಾ, ನಾನು ಬಸುರಿ. ಮುಂದೆ ರಜೆ ಬೇಕಾಗ್ತದೆ" ಎಂದಿದ್ದಳು. ಲೀಲಾಧರ "ಸಂತೋಷ" ಎಂದ. ಮನೆಗೆ ಹೋಗಿ ಮೊಬೈಲ್‌ನಲ್ಲಿ ಹುಡುಕಿ, ಆರು ತಿಂಗಳು ಸಂಬಳ ಸಹಿತ ರಜೆ ಕೊಡಬೇಕೆಂದು ಓದಿದ ಮೇಲೆ ಆ ಸಂತೋಷ ಊಟದ ಹೊತ್ತಿಗೇ ಇಳಿದುಹೋಯಿತು.

ಮರುದಿನ ಮಲ್ಪೆ ಬಂದರಿಗೆ ಬೋಟುಗಳೇ ಬರಲಿಲ್ಲ. ಸುಲಿಯಲು ಸಿಗಡಿ ಇಲ್ಲ. ಲೀಲಾಧರ ಬೆಳಿಗ್ಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುತ್ತಾ ಹೋದ, ಅದೇ ಓಘದಲ್ಲಿ ರಿಝಾನಾಳಿಗೂ ಹೇಳಿದ. ಅದರ ಮರುದಿನ ಎಲ್ಲರೂ ಬಂದರು, ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಬುಧವಾರ ಮಣಿಪಾಲದ ಕಚೇರಿಯಲ್ಲಿ ರಿಝಾನಾ ಗಂಡನೊಂದಿಗೆ ಮೊದಲೇ ಬಂದು ಕುಳಿತಿದ್ದಳು. ಲೀಲಾಧರನನ್ನು ಕಂಡು ಮುಖ ತಿರುಗಿಸಿದಳು. ಅವಳಿಗೆ ಬೇಕಾದದ್ದು ಒಂದೇ, ತನ್ನ ಕೆಲಸ. ಹೆರಿಗೆಯ ಹೊತ್ತಿಗೆ ಕೈ ಖಾಲಿ ಇಟ್ಟುಕೊಂಡು ಇನ್ನೊಬ್ಬರ ಮುಖ ನೋಡಲು ಅವಳು ತಯಾರಿರಲಿಲ್ಲ.

ಅಧಿಕಾರಿ ಗದಗದ ಕಡೆಯ ಹೆಂಗಸು, ವರ್ಗವಾಗಿ ಬಂದು ಹೆಚ್ಚು ಕಾಲ ಆಗಿರಲಿಲ್ಲ. "ಬಸುರಿ ಹೆಣ್ಣುಮಗಳನ್ನ ಕೆಲಸದಿಂದ ತಗಿಯೋದು ಅಪರಾಧ ಅಂತ ಗೊತ್ತೈತೇನ್ರೀ?" ಎಂದು ಶುರುಮಾಡಿದರು. "ಫೋನಿನ್ಯಾಗ ಏನಂದಿದ್ರಿ? ಅಂದಂಗ ಹೇಳ್ರಿ."

"ಇನಿ ಬರೊಡ್ಚಿ ಅಂತ ಹೇಳಿದೆ" ಎಂದ ಲೀಲಾಧರ ಎದೆ ಸೆಟೆಸಿ.

"ನೋಡಿ ಮೇಡಂ, ಅವರೇ ಒಪ್ಪಿಕೊಂಡ್ರು!" ರಿಝಾನಾ ಕುರ್ಚಿಯಿಂದ ಎದ್ದೇಬಿಟ್ಟಳು.

"ಹೌದು, ಹೇಳಿದ್ದೇನೆ. ಅದರಲ್ಲಿ ಎಂತ ತಪ್ಪುಂಟು?"

"ಇನ್ನ ಬರಬ್ಯಾಡ ಅಂದ್ರ ಕೆಲಸದಿಂದ ತಗದಂಗ ಆತಲ್ರೀ. ಮತ್ತ ತಪ್ಪೇನು ಅಂತ ನನ್ನನ್ನ ಕೇಳ್ತೀರಲ್ಲ!" ಅಧಿಕಾರಿಗೆ ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳುವ ಮಾಲಕ ಇದುವರೆಗೆ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಯಾರೋ ನಕ್ಕರು. ನಕ್ಕವನು ಫಯಾಝ್. ಕಾಪುವಿನಲ್ಲೇ ಹುಟ್ಟಿ ಬೆಳೆದವನಿಗೆ ತುಳು ನೀರು ಕುಡಿದಷ್ಟು ಸುಲಭ. ಆದರೆ 'ಇನ್ನು ಮೇಲೆ ಬರಬೇಡ ಅಂದ್ರು' ಎಂದು ಹೆಂಡತಿ ತನಗೆ ತಿಳಿದ ಅರ್ಥವನ್ನೇ ಹೇಳಿದ್ದರಿಂದ, ಮೂಲ ಮಾತು ಅವನ ಕಿವಿಗೆ ಬಿದ್ದದ್ದು ಈಗಲೇ.

"ಮೇಡಂ, ತುಳುವಿನಲ್ಲಿ ಇನಿ ಅಂದರೆ ಇವತ್ತು. ಇವತ್ತು ಬರುವುದು ಬೇಡ ಅಂತ ಲೀಲಣ್ಣ ಹೇಳಿದ್ದು. ಇವಳ ಮಲಯಾಳದಲ್ಲಿ ಇನಿ ಅಂದರೆ ಇನ್ನು ಮೇಲೆ!"

ಅಧಿಕಾರಿ ಪೆನ್ನು ಕೆಳಗಿಟ್ಟು ನಕ್ಕರು. ರಿಝಾನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಗೆದ್ದೆ ಎಂದುಕೊಂಡ ಲೀಲಾಧರ ಎಲ್ಲರಿಗಿಂತ ಜೋರಾಗಿ ನಕ್ಕ.

"ಆತು ಬಿಡ್ರಿ" ಎಂದು ಕಣ್ಣೊರೆಸಿಕೊಂಡರು ಅಧಿಕಾರಿ. "ಮರುದಿನ ಈಕಿ ಬರಲಿಲ್ಲ. ಯಾಕ ಬರಲಿಲ್ಲ ಅಂತ ನೀವು ಫೋನ್ ಮಾಡಿ ಕೇಳ್ಲಿಲ್ಲೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ಅವನ ಪಾಡು. ನೆಟ್‌ವರ್ಕ್ ಇರಲಿಲ್ಲ ಎನ್ನಲು ಬಾಯಿ ತೆರೆದ. ನಗು ಇನ್ನೂ ಆರದ ರಿಝಾನಾಳ ಮುಖ ಕಂಡಿತು. ಸುಳ್ಳು ಹೇಳಲು ನಾಚಿಕೆಯಾಯಿತು.

"ಅವಳಾಗಿಯೇ ಬಿಟ್ಟಳು ಅಂದುಕೊಂಡಾಗ ನನಗೆ ಸ್ವಲ್ಪ ಹಗುರ ಆದದ್ದು ಹೌದು ಮೇಡಂ. ರಜೆ ಕೊಡುವ ತಲೆಬಿಸಿ ತಪ್ಪಿತಲ್ಲ ಅಂತ. ಅದಕ್ಕೇ ಕೇಳ್ಲಿಲ್ಲ."

ರಿಝಾನಾ ನಗು ನಿಲ್ಲಿಸಿ ಅವನ ಕಡೆ ತಿರುಗಿದಳು. "ಅಣ್ಣಾ, ನಾನಾದರೂ ಫೋನ್ ಮಾಡಿ ಕೇಳಬಹುದಿತ್ತು, ಅಲ್ವಾ? ಮಾಡ್ಲಿಲ್ಲ. ಬಸುರಿ ಅಂದ ಮರುದಿನವೇ ನೀವು ನನ್ನನ್ನು ತೆಗೆದಿರಿ ಅಂತ ನಂಬ್ಲಿಕ್ಕೆ ನನಗೆ ಎಂತ ಕಷ್ಟವೂ ಆಗ್ಲಿಲ್ಲ."

ಇಷ್ಟು ಮೆತ್ತಗೆ ಯಾರೂ ಅವನಿಗೆ ಬೈದಿರಲಿಲ್ಲ, ಇಷ್ಟು ನಾಟುವಂತೆಯೂ ಬೈದಿರಲಿಲ್ಲ. ಲೀಲಾಧರನ ಕಿವಿ ಬಿಸಿಯಾಯಿತು. ಅವಳನ್ನು ಕೆಲಸದಲ್ಲೇ ಇಟ್ಟುಕೊಳ್ಳುತ್ತೇನೆ, ಹೆರಿಗೆ ರಜೆಯನ್ನು ಕಾನೂನಿನಂತೆ ಪೂರ್ತಿ ಕೊಡುತ್ತೇನೆ, ಬರೆದುಕೊಳ್ಳಿ ಎಂದು ಅಧಿಕಾರಿ ಕೇಳುವ ಮೊದಲೇ ಹೇಳಿದ. ಹೇಳಿದ ಮೇಲೆ ಆಶ್ಚರ್ಯವೆಂಬಂತೆ ಮನಸ್ಸು ಹಗುರವಾಯಿತು, ಈ ಸಲ ಸರಿಯಾದ ಕಾರಣಕ್ಕೆ.

"ಹಾಗಾದರೆ ನಾಳೆ ಬರ್ತೀಯಲ್ಲ?" ಎಂದು ಮೆಟ್ಟಿಲಿಳಿಯುವಾಗ ಕೇಳಿದ.

"ನಾಳೆ ಆಗುದಿಲ್ಲ ಅಣ್ಣಾ. ಉಡುಪಿಯಲ್ಲಿ ಡಾಕ್ಟರಿಗೆ ತೋರಿಸ್ಲಿಕ್ಕುಂಟು. ರಜೆ ಬೇಕು."

ಫಯಾಝ್ ಕೆಮ್ಮಿ ನಗು ನುಂಗಿದ. ಲೀಲಾಧರ ತಲೆಯಾಡಿಸಿದ. "ತೆಗೊ. ಡಾಕ್ಟರ್ ಎಂತ ಹೇಳಿದ್ರು ಅಂತ ಸಂಜೆ ನಾನೇ ಫೋನ್ ಮಾಡಿ ಕೇಳ್ತೇನೆ."

"ಮಾಡಿ" ಎಂದಳು ರಿಝಾನಾ. "ಆದರೆ ದಮ್ಮಯ್ಯ, ಕನ್ನಡದಲ್ಲಿ ಮಾತಾಡಿ."