ಸೊಸೆ ಕಸದಲ್ಲಿ ಹುಡುಕಿದ್ದು

ನಾನೊಂದು ನೀಲಿ ಕಸದ ಬಕೆಟ್ಟು. ಮುರಿದ ಪ್ಲಾಸ್ಟಿಕ್ ಕುರ್ಚಿ, ತೂತು ಬಿದ್ದ ಮಗ್ಗುಗಳನ್ನು ಕರಗಿಸಿ ನನ್ನನ್ನು ಮಾಡಿದರು. ಒಮ್ಮೆ ಎಸೆಸಿಕೊಂಡ ಮೈ ಇದು, ಮನುಷ್ಯರನ್ನು ಸುಲಭಕ್ಕೆ ನಂಬುವುದಿಲ್ಲ. ಹಾಸನದ ಒಂದು ಬಡಾವಣೆಯಲ್ಲಿ ಒಣಕಸಕ್ಕೆ ನನ್ನಂಥವರನ್ನೂ ಹಸಿಕಸಕ್ಕೆ ಹಸಿರು ಬಕೆಟ್ಟುಗಳನ್ನೂ ಮನೆಮನೆಗೆ ಹಂಚಿದರು. ಮೊದಲ ಮನೆಯವರು ನನ್ನೊಳಗೆ ಅಕ್ಕಿ ತುಂಬಿಟ್ಟು, ಕಸವನ್ನು ಎಂದಿನಂತೆ ಮೋರಿಗೆ ಸುರಿದರು. ಮನೆ ಖಾಲಿ ಮಾಡುವಾಗ ನನ್ನನ್ನು ಪಕ್ಕದ ಮನೆಯ ವನಜಾಕ್ಷಿಗೆ ಕೊಟ್ಟುಹೋದರು; ಅವಳ ನೀಲಿ ಬಕೆಟ್ಟು ಒಡೆದುಹೋಗಿತ್ತು.

ವನಜಾಕ್ಷಿಯ ಶ್ರದ್ಧೆ ನೋಡಿಯೇ ನನಗೆ ಅನುಮಾನ ಬಂತು. ಹಾಲಿನ ಕವರು ತೊಳೆದು ಒಣಗಿಸುವುದು ಸರಿ. ಪ್ರತಿ ಸಂಜೆ ನನ್ನನ್ನು ಬೋರಲು ಹಾಕಿ ಒಂದೊಂದು ಚೂರನ್ನೂ ತಿರುವಿ ನೋಡುವುದೇಕೆ? ಇಡೀ ಬೀದಿಗೆ ಇವಳೇ ಮಾದರಿ ಎಂದರು ಕಸದ ಗಾಡಿಯವರು. ಬಡಾವಣೆಯ ಮಹಿಳಾ ಸಂಘದವರು ಬಂದು ಕಾರಣ ಕೇಳಿದಾಗ ಪರಿಸರಕ್ಕೋಸ್ಕರ ಎಂದಳು. ನಾನು ನಂಬಲಿಲ್ಲ.

ಅವಳು ಹುಡುಕುತ್ತಿದ್ದುದು ಮಾತ್ರೆ ಶೀಟಿನ ಖಾಲಿ ತುಂಡು. ಮಾವ ಶಿವರುದ್ರಯ್ಯನವರಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಮಾಯುತ್ತಿರಲಿಲ್ಲ, ಹೀಗೇ ಆದರೆ ಕಾಲು ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಲಾರಿ ಓಡಿಸುವ ಗಂಡ ಮನೆಯಲ್ಲಿ ಇರುವುದೇ ಅಪರೂಪ. ಮಾತ್ರೆ ನುಂಗಿದಿರಾ ಎಂದು ಮಾವನನ್ನು ನೇರವಾಗಿ ಕೇಳಲು ಅವಳಿಗೆ ಸಂಕೋಚ. ಶೀಟನ್ನು ದಿನಕ್ಕೊಂದು ತುಂಡಿನಂತೆ ಕತ್ತರಿಸಿಡುವುದು ಮಾವನ ರೂಢಿಯಾದ್ದರಿಂದ, ಖಾಲಿ ತುಂಡು ಸಿಕ್ಕಿದರೆ ಅವಳಿಗೆ ನೆಮ್ಮದಿ.

ಅಯ್ಯನವರೇನು ಕಡಿಮೆಯೇ? ಸೊಸೆ ನನ್ನನ್ನು ಜಾಲಾಡುವುದನ್ನು ಕಿಟಕಿಯಿಂದ ಕಂಡಿದ್ದರು. ತುಂಡನ್ನು ನನಗೆ ಹಾಕಿ, ಮಾತ್ರೆಯನ್ನು ಹಸಿರು ಬಕೆಟ್ಟಿನ ಸಿಪ್ಪೆಯಡಿ ತುರುಕುತ್ತಿದ್ದರು. ಹೇಳಲು ಬಾಯಿಲ್ಲದೆ ನಾನು ಒದ್ದಾಡಿದೆ.

ಹಸಿಕಸವನ್ನು ಅವಳು ಹಿತ್ತಲ ಮಡಕೆಯಲ್ಲಿ ಗೊಬ್ಬರ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಕೆದಕಿದಾಗ ಅರೆಬರೆ ಕರಗಿದ ಬಿಳಿ ಮಾತ್ರೆಗಳು ಮೇಲೆದ್ದವು. ಅಂಗೈಯಲ್ಲಿ ಹಿಡಿದುಕೊಂಡೇ ಬಂದು ಮಾವನ ಮುಂದೆ ನಿಂತಳು.

“ಯಾಕ್ ಮಾವ ಹಿಂಗ್ ಮಾಡಿದ್ರಿ?”

ಅಯ್ಯನವರು ತಲೆ ತಗ್ಗಿಸಿದರು. “ನುಂಗಿದ್ರೆ ತಲೆ ಸುತ್ತುತ್ತೆ ಕಣವ್ವ. ನನ್ನ ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ. ನೀನು ಕಸನ ಕೇಳ್ದೆ.”

ವನಜಾಕ್ಷಿ ಅತ್ತುಬಿಟ್ಟಳು. ಅಂದೇ ಅವರನ್ನು ಡಾಕ್ಟರ ಹತ್ತಿರ ಕರೆದೊಯ್ದು ಮಾತ್ರೆ ಬದಲಾಯಿಸಿಕೊಂಡು ಬಂದಳು.

ಈಗ ನನ್ನ ಬಣ್ಣ ಮಾಸಿದೆ, ಅಂಚು ಸೀಳಿದೆ. ಅಯ್ಯನವರ ಗಾಯ ಒಣಗಿದೆ. ಹುಡುಕುವುದಕ್ಕೆ ಏನೂ ಉಳಿದಿಲ್ಲ, ಆದರೂ ಸಂಜೆಯಾದರೆ ಮಾವ ಸೊಸೆ ಇಬ್ಬರೂ ನನ್ನ ಎದುರು ಕೂತು ಕಸ ಬೇರೆ ಮಾಡುತ್ತಾರೆ. ಇದರ ಹಿಂದೆಯೂ ಏನೋ ಇರಬೇಕೆಂದು ದಿನವೂ ಕಿವಿಗೊಟ್ಟು ಕೇಳುತ್ತೇನೆ. ಸುಮ್ಮನೆ ಮಾತಾಡುತ್ತಿರುತ್ತಾರೆ, ಅಷ್ಟೆ.